ಮೊಮ್ಮಗಳು ಮೂಗು ಮುರಿಯಲು ಕಲಿತ ವಾರ

ಮಂಗಳವಾರ ಮುಂಜಾನೆ ಸೊಸೆ ಫೋನ್ ಮಾಡಿ, “ಅತ್ತಿ, ನಿಮ್ಮ ಮೊಮ್ಮಗಳಿಗೆ ಒಂದಿಷ್ಟು ಸೊಕ್ಕು ಕಲಿಸಾಕ ಬರ್ರಿ” ಎಂದಳು. ನಾನು ಫೋನನ್ನು ಈ ಕಿವಿಯಿಂದ ತೆಗೆದು ಆ ಕಿವಿಗೆ ಇಟ್ಟುಕೊಂಡೆ. ಇಷ್ಟು ವರ್ಷದ ಬಾಳುವೆಯಲ್ಲಿ ಯಾರದಾದರೂ ಸೊಕ್ಕು ಇಳಿಸಲು ನನ್ನನ್ನು ಕರೆದದ್ದುಂಟು. ಏರಿಸಲು ಕರೆದದ್ದು ಅದೇ ಮೊದಲು.

ವಿಷಯ ಹೀಗಿತ್ತು. ಸೊಸೆಗೆ ಬೆಳಗಾವಿಯಲ್ಲಿ ಕೆಲಸ ಸಿಕ್ಕಿದ್ದರಿಂದ ಮಗ, ಸೊಸೆ, ಮೊಮ್ಮಗಳು ಈ ವರ್ಷ ಖಾನಾಪುರದಿಂದ ಹೋಗಿ ಶಿವಬಸವ ನಗರದಲ್ಲಿ ಮನೆ ಮಾಡಿದ್ದಾರೆ. ಐದನೆಯ ಇಯತ್ತೆಯವರೆಗೆ ನಮ್ಮೂರ ಕನ್ನಡ ಸಾಲೆಯಲ್ಲಿ ಕಲಿತ ಹುಡುಗಿಯನ್ನು ಅಲ್ಲಿ ಇಂಗ್ಲಿಷ್ ಸಾಲೆಗೆ, ಆರನೆಯ ಇಯತ್ತೆಗೆ ಹಾಕಿದರು. ಮೊದಲ ವಾರ ಟೀಚರು ಕುಳಿತುಕೋ ಎಂದರೆ ಇವಳು ನಿಲ್ಲುತ್ತಿದ್ದಳಂತೆ, ನಿಲ್ಲು ಎಂದರೆ ಕೂರುತ್ತಿದ್ದಳಂತೆ. ಆಮೇಲಾಮೇಲೆ ಅದು ಸರಿಹೋಯಿತು. ಆದರೆ ಬಾಯಿ ಮಾತ್ರ ಬಿಚ್ಚಲಿಲ್ಲ. ಏನಾದರೂ ಕೇಳಿದರೆ ಕೈ ಕಟ್ಟಿಕೊಂಡು ಎದ್ದು ನಿಲ್ಲುವುದು, ಟೀಚರು ಸ್ವಲ್ಪ ಹೊತ್ತು ಕಾದು ‘ಸಿಟ್ ಡೌನ್’ ಎನ್ನುವುದು, ಇವಳು ಕೂರುವುದು. ದಿನಾ ಇದೇ ಆಟ.

ಟೀಚರು ಕೆಟ್ಟವರಲ್ಲ. ಸೊಸೆಯನ್ನು ಕರೆಸಿ ಮೆತ್ತಗೆ ಹೇಳಿದರಂತೆ: ಹುಡುಗಿ ಭಾಳ ಒಳ್ಳೆಯವಳು, ಆದರೆ ಇಂಗ್ಲಿಷ್ ತಿಳಿಯುತ್ತಿಲ್ಲ ಅನ್ನಿಸುತ್ತದೆ. ಶನಿವಾರ ವರ್ಗದಲ್ಲಿ ಪದಗಳ ಆಟವಿದೆ, ಹಿರಿಯರೂ ಬರಬಹುದು. ಅದರಲ್ಲಿ ನೋಡೋಣ. ಅಂದೂ ಹೀಗೇ ಆದರೆ ಈ ವರ್ಷ ಐದನೆಯ ಇಯತ್ತೆಗೇ ಕೂರಿಸೋಣ.

ಅದನ್ನು ಕೇಳಿದ ಹುಡುಗಿ ಅಳಲಿಲ್ಲವಂತೆ. “ಐದನೇತ್ತೆಕ್ಕ ಹಾಕಿದ್ರ ನಾ ಖಾನಾಪುರಕ್ಕ ಹೊಕ್ಕೇನಿ. ಆಯಿ ಕೂಡ ಇರತೇನಿ” ಅಂದಳಂತೆ. ಆಯಿ ಅಂದರೆ ನಾನು.

ಇಲ್ಲೊಂದು ಮಾತು ಮುಚ್ಚಿಡುವುದಿಲ್ಲ. ಅದನ್ನು ಕೇಳಿ ನನ್ನ ಹೊಟ್ಟೆಯಲ್ಲಿ ಸಕ್ಕರೆ ಸುರಿದಂತಾಯಿತು. ನನ್ನ ಮನೆಯಲ್ಲಿ ಜನಕ್ಕೇನೂ ಕಡಿಮೆ ಇಲ್ಲ, ಸಣ್ಣ ಮಗನ ಸಂಸಾರವೂ ನನ್ನ ಜೊತೆಗೇ ಇದೆ. ಆದರೂ ಈ ಹುಡುಗಿ ಬೇರೆ. ಹುಟ್ಟಿದ ಹನ್ನೆರಡನೆಯ ದಿನದಿಂದ ನನ್ನ ಬಾಜೂಕೆ ಮಲಗಿದವಳು. ಬರಲಿ ಬಿಡು, ಸೊಕ್ಕೂ ಬೇಡ ಏನೂ ಬೇಡ ಎಂದು ಒಂದು ಮನಸ್ಸು ಹೇಳಿತು. ಇನ್ನೊಂದು ಮನಸ್ಸು ಚೀಲ ತುಂಬಿಕೊಂಡು ಬೆಳಗಾವಿ ಬಸ್ಸು ಹತ್ತಿತು.

ಸಂಜೆ ಹುಡುಗಿ ಸಾಲೆಯಿಂದ ಬಂದು, ನನ್ನನ್ನು ಅಪ್ಪಿಕೊಂಡು, ಚೀಲದಿಂದ ಒಂದು ಹಾಳೆ ತೆಗೆದಳು. ಹತ್ತು ಇಂಗ್ಲಿಷ್ ಪದ. ಎಲ್ಲವೂ ಇನ್ನೊಬ್ಬರನ್ನು ಕೀಳು ಮಾಡುವ, ಬೇಡವೆನ್ನುವ, ಎದುರು ನಿಲ್ಲುವ ಪದಗಳಂತೆ. ಚೀಟಿ ಎತ್ತಿ, ಬಂದ ಪದವನ್ನು ಮಾತಿಲ್ಲದೆ ಮಾಡಿ ತೋರಿಸಬೇಕು. ತನ್ನ ಬೆಂಚಿನ ಮಕ್ಕಳು ಅದು ಯಾವ ಪದ ಎಂದು ಹೇಳಬೇಕು. ಹುಡುಗಿ ತನ್ನವ್ವನ ದಪ್ಪ ಡಿಕ್ಷನರಿ ತೊಡೆಯ ಮೇಲೆ ಇಟ್ಟುಕೊಂಡು ಅರ್ಥ ಬಾಯಿಪಾಠ ಮಾಡತೊಡಗಿದಳು.

“ಸ್ಕಾರ್ನ್ ಅಂದ್ರೇನ?” ಎಂದೆ.

“ತಿರಸ್ಕರಿಸು.”

“ಸ್ಪರ್ನ್?”

“ತಿರಸ್ಕರಿಸು.”

“ಅದೇನದು, ಸ್ನಬ್ಬೋ ಗಿಬ್ಬೋ?”

ಅವಳು ಹಾಳೆ ತಿರುವಿ ಬೆರಳಿಟ್ಟು ಓದಿದಳು. “ಕಡೆಗಣಿಸು. ತಿರಸ್ಕರಿಸು.”

“ಎಲ್ಲಾದಕ್ಕೂ ಒಂದ ಅರ್ಥ ಇದ್ರ ಆ ಇಂಗ್ಲಿಷ್ ಮಂದಿ ಹತ್ತು ಪದ ಯಾಕ ಮಾಡಿದ್ರು? ಬ್ಯಾರೆ ಉದ್ಯೋಗ ಇರಲಿಲ್ಲೇನು?”

“ನನಗೇನ ಗೊತ್ತ ಆಯಿ. ಪುಸ್ತಕದಾಗ ಹಂಗ ಐತಿ.”

ನಾನು ಕಲಿತದ್ದು ಮೂರನೆಯ ಇಯತ್ತೆ. ಪುಸ್ತಕಕ್ಕೆ ಎದುರಾಡುವಷ್ಟು ಧೈರ್ಯ ನನಗಿಲ್ಲ. ಆದರೆ ಖಾನಾಪುರದ ಸಂತೆಯಲ್ಲಿ ಮೊಣಕಾಲು ನೋವು ಬರುವವರೆಗೆ ಕೂತು ಮಣ್ಣಿನ ಗಡಿಗೆ ಮಾರಿದ್ದೇನೆ. ಅಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯೂ ನನ್ನೆದುರು ನಿಂತು, ‘ನಿನ್ನ ಗಡಿಗೆಯನ್ನು ನಾನು ತಿರಸ್ಕರಿಸುತ್ತೇನೆ’ ಎಂದಿಲ್ಲ. ಒಬ್ಬಳು ಬೆರಳ ಗೆಣ್ಣಿನಿಂದ ಗಡಿಗೆ ಬಡಿದು, ಮೂಗಿನಿಂದ ‘ಹುಂ’ ಎಂದು ಗಾಳಿ ಬಿಟ್ಟು ಮುಂದೆ ಹೋಗುತ್ತಾಳೆ. ಇನ್ನೊಬ್ಬಳು ತುಟಿಯ ಒಂದೇ ತುದಿ ಮೇಲಕ್ಕೆಳೆಯುತ್ತಾಳೆ. ನಾನು ‘ಬಾರವ್ವಾ’ ಎಂದು ಕರೆದರೂ ಕಿವಿಯೇ ಇಲ್ಲದವಳಂತೆ ಹಾಯ್ದು ಹೋಗುವವಳು ಮತ್ತೊಬ್ಬಳು. ಕೈಯಲ್ಲಿ ಕೊಟ್ಟ ಗಡಿಗೆಯನ್ನು ಹಾವು ಮುಟ್ಟಿದಂತೆ ತಿರುಗಿ ನನ್ನ ಮಡಿಲಿಗೆ ತಳ್ಳುವವರೂ ಇದ್ದರು. ಪುಸ್ತಕಕ್ಕೆ ಇವೆಲ್ಲ ಒಂದೇ ಇರಬಹುದು. ಗಡಿಗೆ ಹಿಡಿದು ಕೂತವಳಿಗೆ ಒಂದೊಂದೂ ಬೇರೆ ಕಡೆ ಚುಚ್ಚುತ್ತದೆ.

“ಆ ಡಿಕ್ಷನರಿ ನಿಮ್ಮವ್ವನ ಕೈಯಾಗ ಕೊಡ” ಎಂದೆ. “ಅದರಾಗಿನ ಇಂಗ್ಲಿಷ್ ವಿವರಣಾ ಆಕಿ ಓದಿ ಕನ್ನಡದಾಗ ಹೇಳಲಿ. ಯಾವ ಪದಕ್ಕ ಯಾವ ಗಿರಾಕಿ ಅಂತ ನಾ ಹೇಳತೇನಿ.”

ಸೊಸೆ ಡಿಕ್ಷನರಿ ಬಾಜೂಕೆ ತೆರೆದಿಟ್ಟುಕೊಂಡು ಚಪಾತಿ ಲಟ್ಟಿಸುತ್ತಲೇ ಅಡುಗೆಮನೆಯಿಂದ ವಿವರಣೆ ಹೇಳಿದಳು, ನಾನು ಹೊರಗೆ ಗಿರಾಕಿ ಆದೆ. ಹಿಟ್ಟಿನ ಸ್ಟೀಲ್ ಡಬ್ಬಿಯೇ ಗಡಿಗೆ. ಮೂಗಿನಿಂದ ‘ಹುಂ’ ಎನ್ನುವವಳು ಸ್ಕಾಫ್. ತುಟಿ ಓರೆ ಮಾಡುವವಳು ಸ್ನೀರ್. ಕರೆದರೂ ನೋಡದೆ ಹೋದವಳು ಸ್ನಬ್. ಮಡಿಲಿಗೆ ತಳ್ಳಿದವಳು ಸ್ಪರ್ನ್. ‘ಸಿಕ್ಕರೂ ಸೈ, ಸಿಗದಿದ್ದರೂ ಸೈ’ ಎಂದು ಎರಡೂ ಹೆಗಲು ಕುಣಿಸಿದವಳು ಶ್ರಗ್. ಹುಡುಗಿ ಡಬ್ಬಿ ಹಿಡಿದುಕೊಂಡು ನಕ್ಕು ನಕ್ಕು ಬಿಕ್ಕಳಿಕೆ ತಂದುಕೊಂಡಳು. ಬೆಳಗಾವಿಗೆ ಬಂದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು ಎಂದು ಸೊಸೆ ಆಮೇಲೆ ಹೇಳಿದಳು.

ಈಗ ಅವಳ ಸರದಿ. ತೊಂದರೆ ಶುರುವಾದದ್ದು ಅಲ್ಲಿ.

ಡಿಸ್ಮಿಸ್ ಎಂಬ ಪದ. ಎದುರಿಗಿದ್ದವರನ್ನು ‘ಹೋಗು’ ಎಂದು ಕೈಬೀಸಿ ಕಳಿಸುವುದು. ಹುಡುಗಿ ನನ್ನೆದುರು ನಿಂತು ಅಂಗೈಯಿಂದ ಗಾಳಿ ತಳ್ಳಿದಳು. ಚೆನ್ನಾಗಿತ್ತು. ತಳ್ಳಿದ ಮರುಕ್ಷಣವೇ ಅದೇ ಕೈಬೆರಳುಗಳು ಒಳಕ್ಕೆ ಮಡಿಚಿಕೊಂಡು ‘ಬಾ’ ಎಂದವು.

“ಇದೇನ? ಹೋಗಂತೀಯೋ, ಬಾ ಅಂತೀಯೋ?”

“ಹೋಗಿ ಬಾ ಅಂತೇನಿ” ಎಂದಳು.

ಕಳೆದ ವಾರ ವರ್ಗದಲ್ಲಿ ತಾಲೀಮು ಮಾಡಿದಾಗಲೂ ಇದೇ ಆಗಿತ್ತಂತೆ. ಮಕ್ಕಳೆಲ್ಲ ‘ಇನ್ವೈಟ್, ಇನ್ವೈಟ್’ ಎಂದು ಕೂಗಿ ನಕ್ಕಿದ್ದರಂತೆ. ಅಂದರೆ ಊಟಕ್ಕೆ ಕರೆಯುವುದು.

ನನಗೂ ನಗು ಬಂತು. ಆದರೆ ಈ ತಪ್ಪು ನನ್ನದು. ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಬರೀ ‘ಹೋಗು’ ಎನ್ನುವಂತಿಲ್ಲ. ಹೊರಡುವವರು ‘ಹೋಗತೇನಿ’ ಎನ್ನಬಾರದು, ‘ಹೋಗಿ ಬರತೇನಿ’ ಎನ್ನಬೇಕು. ಕಳಿಸುವವರು ‘ಹೋಗಿ ಬರ್ರಿ’ ಎನ್ನಬೇಕು. ಮೂರು ವರ್ಷದ ಕೂಸಿದ್ದಾಗ ಅವಳು ಬರೀ ‘ಹೋಗ’ ಎಂದರೆ ನಾನು ಮೆಲ್ಲಗೆ ತುಟಿಯ ಮೇಲೆ ಬಡಿಯುತ್ತಿದ್ದೆ. ಬಡಿದು ಬಡಿದು ‘ಬಾ’ ಎಂಬುದನ್ನು ಅವಳ ಬೆರಳಿನ ತನಕ ಇಳಿಸಿಬಿಟ್ಟಿದ್ದೆ. ಅದನ್ನು ಶನಿವಾರದೊಳಗೆ ಹೊರಗೆ ತೆಗೆಯಬೇಕಾಗಿತ್ತು.

ಬುಧವಾರ, ಗುರುವಾರ ಸಾಲೆಯಿಂದ ಬಂದ ಮೇಲೆ ಇಬ್ಬರೂ ಬೀದಿ ತಿರುಗಿದೆವು. ನಾನು ಅದಕ್ಕೆ ತಾಲೀಮು ಎಂದೇ ಹೆಸರಿಟ್ಟೆ. ‘ಇಲ್ಲಿ ಗಾಡಿ ನಿಲ್ಲಿಸಬಾರದು’ ಎಂಬ ಬೋರ್ಡಿನ ಕೆಳಗೆ ಸಾಲಾಗಿ ಗಾಡಿಗಳು ನಿಂತಿದ್ದವು. ಒಬ್ಬ ಬೋರ್ಡಿನ ಕಂಬಕ್ಕೇ ಸ್ಕೂಟರ್ ಆನಿಸಿದ್ದ. “ಆಯಿ, ಫ್ಲೌಟ್!” ಎಂದು ಹುಡುಗಿ ಕುಣಿದಳು. ಗೊತ್ತಿದ್ದೂ ನಿಯಮಕ್ಕೆ ಸೊಪ್ಪು ಹಾಕದಿರುವುದಂತೆ. ಅಂದಿನಿಂದ ಅವಳಿಗೆ ಬೆಳಗಾವಿ ತುಂಬ ಫ್ಲೌಟೇ ಕಂಡಿತು. ಎಣಿಸುತ್ತ ನಡೆದರೆ ಮನೆ ಮುಟ್ಟುವುದು ಕಷ್ಟ ಎಂದು ನಾನೇ ನಿಲ್ಲಿಸಿದೆ.

ತರಕಾರಿ ತಳ್ಳುಗಾಡಿಯವನೊಬ್ಬ ನಮ್ಮ ಬೆನ್ನು ಹತ್ತಿದ. “ಬದನಿಕಾಯಿ ನೋಡ್ರಿ ಆಯಿ, ಬೆಣ್ಣಿ ಅದಾವ ಬೆಣ್ಣಿ!”

ನಾನು ಹುಡುಗಿಯ ಬೆನ್ನಿಗೆ ಬೆರಳಿಟ್ಟು ತಿವಿದೆ. “ಮಾಡ, ಡಿಸ್ಮಿಸ್ ಮಾಡ.”

ಅವಳು ಕೈ ಎತ್ತಿದಳು. ಗಾಳಿ ತಳ್ಳಿದಳು. ಮರುಕ್ಷಣ ಬೆರಳುಗಳು ಮಡಿಚಿಕೊಂಡವು. ಅವನು ಸಂತೋಷದಿಂದ ಗಾಡಿ ತಿರುಗಿಸಿಕೊಂಡು ಬಂದ. ಅಂದು ರಾತ್ರಿಯೂ ಮರುದಿನವೂ ನಾವು ಬದನೆಕಾಯಿ ಪಲ್ಯ ತಿಂದೆವು.

“ಅವರಿಗೆ ಬೇಜಾರ ಆಗಂಗಿಲ್ಲೇನ ಆಯಿ, ಬರೀ ಹೋಗ ಅಂದ್ರ?”

“ಆಗತೈತಿ. ಆಗಲಿ ಅಂತನ ಮಾಡೂದು ಇದು. ಆದ್ರ ಇದು ಆಟ ಮಗಳ. ಆಟದಾಗ ಸೊಕ್ಕ ಮಾಡಿದ್ರ ಪಾಪ ಬರಂಗಿಲ್ಲ.”

ಅವಳು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಸ್ವಲ್ಪ ಹೆಚ್ಚೇ ಗಟ್ಟಿಯಾಗಿ. ಸಂಜೆ ಸೊಸೆ ಊಟಕ್ಕೆ ಕರೆದರೆ ಮುಖ ತಿರುವಿದಳು. ಹಾಲು ಕೊಟ್ಟರೆ ಲೋಟವನ್ನು ಎರಡು ಬೆರಳಿನಿಂದ ದೂರ ಸರಿಸಿದಳು. ಪುಸ್ತಕ ಎತ್ತಿಡು ಎಂದರೆ ಹೆಗಲು ಕುಣಿಸಿದಳು.

“ಅತ್ತೀ! ಏನ ಕಲಿಸೀರಿ ನೀವು ಇದಕ್ಕ?”

“ನೀನ ಅಲ್ಲೇನವ್ವಾ ಸೊಕ್ಕ ಕಲಿಸ್ರಿ ಅಂತ ಫೋನ ಹಚ್ಚಿದಾಕಿ?”

“ಸಾಲ್ಯಾಗ ಮಾಡಾಕ ಅಂದಿದ್ನಿ, ನನ್ನ ಮ್ಯಾಲ ಅಲ್ಲ” ಎಂದು ಸೊಸೆ ಮೂಗು ಮುರಿದಳು.

“ಸ್ಕಾಫ್!” ಎಂದು ಹುಡುಗಿ ಚಪ್ಪಾಳೆ ತಟ್ಟಿದಳು. ಮಗ ಊಟದ ತಾಟಿನ ಮೇಲೆ ಬಗ್ಗಿಕೊಂಡು ನಕ್ಕ. ಸೊಸೆ ಅವನ ಕಡೆ ಬಿಟ್ಟ ನೋಟಕ್ಕೆ ಆ ಹಾಳೆಯಲ್ಲಿ ಪದವಿರಲಿಲ್ಲ.

ಇಷ್ಟೆಲ್ಲ ಆಗಿ, ಶುಕ್ರವಾರ ಸಾಲೆಯಿಂದ ಬಂದವಳು ಚೀಲವನ್ನೂ ಕೆಳಗಿಡದೆ ನನ್ನ ಪಕ್ಕ ಕೂತಳು. ತಲೆ ನನ್ನ ಹೆಗಲಿಗೆ ಇಟ್ಟಳು. ಇವತ್ತು ಮತ್ತೆ ಟೀಚರು ಏನೋ ಕೇಳಿದರಂತೆ. ಉತ್ತರ ಗೊತ್ತಿತ್ತಂತೆ. ಬಾಯಿಗೆ ಬರಲಿಲ್ಲವಂತೆ. ಕೈ ಕಟ್ಟಿ ನಿಂತಳಂತೆ, ‘ಸಿಟ್ ಡೌನ್’ ಎಂದರಂತೆ, ಕೂತಳಂತೆ.

“ನಾಳೆ ಬ್ಯಾಡ ಆಯಿ. ನಾ ನಿನ ಕೂಡ ಬಸ್ಸಿಗೆ ಬರತೇನಿ. ಅಲ್ಲೆ ನಮ್ಮ ಸಾಲ್ಯಾಗ ಎಲ್ಲಾ ಗೊತ್ತಿರತೈತಿ ನನಗ.”

ನನ್ನ ನಾಲಿಗೆಯ ತುದಿಗೆ ‘ಬಾ’ ಎಂಬ ಮಾತು ಬಂದು ಕೂತಿತ್ತು. ಒಂದೇ ಅಕ್ಷರ. ಅಂದುಬಿಟ್ಟರೆ ಮುಗಿಯುತ್ತಿತ್ತು. ನಾನು ಅವಳ ಜಡೆ ಬಿಚ್ಚಿದೆ, ತಿರುಗಿ ಹೆಣೆದೆ, ಮತ್ತೆ ಬಿಚ್ಚಿದೆ. ಕಡೆಗೆ, “ನಾಳೆ ಆಟ ಮುಗಿಸು. ಆಮ್ಯಾಲ ಕೇಳ, ನೀ ಅಂದಂಗ ಮಾಡೂಣು” ಎಂದೆ. ಜಡೆ ಸೊಟ್ಟಗೆ ಬಂದಿತ್ತು.

ಶನಿವಾರ ವರ್ಗದ ಹಿಂದಿನ ಸಾಲಿನಲ್ಲಿ ನಾವು ಹಿರಿಯರೆಲ್ಲ ಸಣ್ಣ ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಎದೆಗೇರಿಸಿಕೊಂಡು ಕೂತಿದ್ದೆವು. ಒಂದೊಂದೇ ಮಗು ಚೀಟಿ ಎತ್ತಿತು. ಒಬ್ಬ ಹುಡುಗ ತುಟಿ ಓರೆ ಮಾಡಿದ್ದನ್ನು ನೋಡಿ ನನಗೇ ಸಿಟ್ಟು ಬರುವ ಹಾಗಿತ್ತು. ಇನ್ನೊಬ್ಬಳು ಗೆಳತಿ ಕೈ ಮುಂದೆ ಮಾಡಿದರೆ ಕಾಣದವಳಂತೆ ಹೋದಳು. ನಮ್ಮ ಹುಡುಗಿಯ ಸರದಿ ಬಂತು. ಅವಳು ಚೀಟಿ ಎತ್ತಿ, ಓದಿ, ಮಡಿಸಿ, ಮುಷ್ಟಿಯಲ್ಲಿಟ್ಟುಕೊಂಡಳು. ಆಮೇಲೆ ವರ್ಗದ ನಡುವೆ ಬಂದು ಎದೆಯ ಮೇಲೆ ಕೈ ಕಟ್ಟಿ ನಿಂತಳು.

ಅಷ್ಟೇ. ಮತ್ತೇನೂ ಮಾಡಲಿಲ್ಲ.

ಸೊಸೆ ನನ್ನ ಕೈ ಹಿಡಿದುಕೊಂಡಳು. ಹುಡುಗಿಯ ಬೆಂಚಿನ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಕಿಸಕ್ಕನೆ ನಕ್ಕರು. ದಿನಾ ನಿಲ್ಲುವ ಹಾಗೆಯೇ ನಿಂತಿದ್ದಾಳೆ, ಪದ ತಿಳಿದಿಲ್ಲ ಎಂದು ಎಲ್ಲರೂ ತಿಳಿದರು. ನಾನೂ ಹಾಗೇ ತಿಳಿದೆ.

ಟೀಚರು ದಿನದಂತೆ ಸ್ವಲ್ಪ ಕಾದು, “ಇಟ್ಸ್ ಓಕೆ. ಸಿಟ್ ಡೌನ್” ಎಂದರು.

ಹುಡುಗಿ ಕೂರಲಿಲ್ಲ.

“ಸಿಟ್ ಡೌನ್” ಎಂದರು ಮತ್ತೆ, ಈ ಸಲ ಸ್ವಲ್ಪ ಜೋರಾಗಿ.

ಹುಡುಗಿ ಗದ್ದ ಮೇಲೆತ್ತಿದಳು. ಕೂರಲಿಲ್ಲ.

ಟೀಚರ ಮುಖ ನೋಡಿದರೆ ಅಯ್ಯೋ ಅನ್ನಿಸುವಂತಿತ್ತು. ಎರಡು ಹೆಜ್ಜೆ ಮುಂದೆ ಬಂದು ಕನ್ನಡದಲ್ಲಿ, “ಕುಂದರವ್ವಾ, ಪರವಾಗಿಲ್ಲ” ಎಂದರು. ನನಗೆ ತಡೆಯಲಾಗಲಿಲ್ಲ. ಆ ಗೇಣುದ್ದದ ಕುರ್ಚಿಯಿಂದ ಎದ್ದು ಹಿಂದಿನಿಂದಲೇ ಕೂಗಿದೆ: “ಕುಂದರ ಮಗಳ! ಟೀಚರ ಹೇಳಾಕತ್ತಾರ, ಕೇಳಸೂದಿಲ್ಲೇನು?”

ನನ್ನ ಮಾತನ್ನು ಅವಳು ಇವತ್ತಿನವರೆಗೆ ಮೀರಿದವಳಲ್ಲ. ತಲೆ ತಿರುಗಿಸಿ ನನ್ನನ್ನು ನೋಡಿದಳು. ಮೂಗು ಮುರಿದಳು. ಮುಖ ಆ ಕಡೆ ತಿರುವಿದಳು. ಒಂದು ಕಾಲೆತ್ತಿ ನೆಲಕ್ಕೆ ಧಪ್ಪನೆ ಊರಿ, ಇನ್ನೂ ನೆಟ್ಟಗೆ ನಿಂತಳು.

ಅವಳ ಬೆಂಚಿನ ಎರಡು ಜಡೆಯ ಪೋರಿಯೊಬ್ಬಳು ಛಂಗನೆ ಎದ್ದು ಕಿರಿಚಿದಳು: “ಡಿಫೈ! ಟೀಚರ್, ಡಿಫೈ!”

ಹುಡುಗಿ ಮುಷ್ಟಿ ಬಿಚ್ಚಿ ಚೀಟಿ ತೋರಿಸಿದಳು. ಟೀಚರು ಓದಿದರು. ಬಾಯಿ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಎದುರಿಗಿದ್ದವರು ಎಷ್ಟು ಹೇಳಿದರೂ ಕೇಳದೆ ಸೆಡ್ಡು ಹೊಡೆದು ನಿಲ್ಲುವುದೇ ಆ ಪದದ ಅರ್ಥ ಎಂದು ಸೊಸೆ ನನ್ನ ಕಿವಿಯಲ್ಲಿ ಹೇಳುವಷ್ಟರಲ್ಲಿ ವರ್ಗವೆಲ್ಲ ಬೆಂಚು ಬಡಿಯುತ್ತಿತ್ತು. ನಾನೂ ಬಡಿದೆ. ಏನನ್ನು ಬಡಿದೆ ಗೊತ್ತಿಲ್ಲ, ಮುಂದೆ ಕೂತವರ ಬೆನ್ನಿರಬೇಕು.

ಟೀಚರು ಕೇಳಿದರು, ಇಂಗ್ಲಿಷಿನಲ್ಲೇ, ಇದು ನಿನಗೆ ಹೇಗೆ ಹೊಳೆಯಿತು ಎಂದು. ಹುಡುಗಿ ಮೊದಲು ನೆಲ ನೋಡಿದಳು. ಆಮೇಲೆ ಇಂಗ್ಲಿಷಿನಲ್ಲಿ ಒಂದೊಂದೇ ಪದ ಜೋಡಿಸಿ ಉತ್ತರ ಕೊಟ್ಟಳು. ಅದನ್ನು ಸೊಸೆ ನನಗೆ ಕನ್ನಡ ಮಾಡಿ ಹೇಳಿದಳು: ನಾ ಕೈ ಕಟ್ಟಿ ನಿಂತರೆ ನೀವು ಕೂತುಕೋ ಅಂತೀರಿ, ದಿನಾ ಅಂತೀರಿ, ಇವತ್ತೂ ಅಂತೀರಿ ಅಂತ ಗೊತ್ತಿತ್ತು.

ಟೀಚರು ನಗು ನಿಲ್ಲಿಸಿದರು. ಅವಳ ತಲೆಯ ಮೇಲೆ ಕೈ ಇಟ್ಟರು. ಬಿಡುವ ಹೊತ್ತಿಗೆ ಸೊಸೆಯನ್ನು ಕರೆದು, “ಇವಳು ಆರನೇದರಾಗ ಇರಲಿ ಬಿಡ್ರಿ. ಇನ್ನ ಮ್ಯಾಲ ನಾನೂ ಸ್ವಲ್ಪ ಜಾಸ್ತಿ ಹೊತ್ತು ಕಾಯತೇನಿ” ಎಂದರು.

ಗೇಟಿನ ಹೊರಗೆ ಹುಡುಗಿ ನನ್ನ ಸೆರಗು ಹಿಡಿದಳು. “ಸಿಟ್ಟ ಬಂತೇನ ಆಯಿ? ನಿನಗ ಮಾರಿ ತಿರುವಿದ್ನೆಲ್ಲ.”

“ಸಿಟ್ಟ? ಇನ್ನೊಮ್ಮೆ ತಿರುವ ನೋಡೋಣು!”

ತಿರುವಿದಳು. ಬೀದಿಯಲ್ಲೇ ಅವಳ ಎರಡೂ ಕೆನ್ನೆಗೆ ದೃಷ್ಟಿ ತೆಗೆದೆ. ಖಾನಾಪುರದ ಮಾತನ್ನು ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಕೇಳಿದರೆ ಏನು ಹೇಳುತ್ತಾಳೆ ಎಂದು ಗೊತ್ತಿತ್ತು, ಆ ಎರಡು ಜಡೆಯ ಪೋರಿ ಅವಳ ಕೈ ಹಿಡಿದು ಜಗ್ಗುತ್ತಿದ್ದಳು. ಒಳಗೆ ಎಲ್ಲೋ ಒಂದು ಕಡೆ ಚುರುಕ್ ಎಂದಿತು, ಸುಳ್ಳು ಯಾಕೆ ಹೇಳಲಿ. ಆದರೆ ಸಂತೋಷ ಎಷ್ಟಿತ್ತೆಂದರೆ ಆ ಚುರುಕಿಗೆ ಕೂರಲು ಜಾಗವೇ ಸಿಗಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಹುಡುಗಿ, “ಮುಂದಿನ ವಾರ ಹೊಗಳೂ ಪದ ಅದಾವ ಆಯಿ. ಅದನ್ನೂ ಹೇಳಿಕೊಡತಿಯೇನು?” ಎಂದಳು.

“ಹೊಗಳೂದು ನನಗ ಬರಂಗಿಲ್ಲವ್ವಾ. ಅದನ್ನ ನಿಮ್ಮಪ್ಪನ ಕೂಡ ಕಲಿ, ನಿಮ್ಮವ್ವನ್ನ ಹೊಗಳಿ ಹೊಗಳಿ ಅಂವಗ ರೂಢಿ ಐತಿ” ಎಂದು ಬಸ್ಸು ಹತ್ತಿದೆ.

ಬಾಜೂಕೆ ಒಬ್ಬ ಹೆಂಗಸು ಕೂತಿದ್ದಳು. ಅವಳಿಗೆ ಮೊಮ್ಮಗಳ ಕಥೆಯನ್ನು ಕನ್ನಡದಲ್ಲಿ ಪೂರ್ತಿ ಹೇಳಿದೆ. ಅವಳು ಸುಮ್ಮನೆ ಮುಗುಳ್ನಕ್ಕಾಗ ಕನ್ನಡ ಬರುವುದಿಲ್ಲವೆಂದು ತಿಳಿಯಿತು. ಮೊದಲಿನಿಂದ ಮರಾಠಿಯಲ್ಲಿ ಹೇಳಿದೆ, ಹುಡುಗಿ ಎಷ್ಟು ಶಾಣ್ಯಾಕಿ, ಎಷ್ಟು ಗಟ್ಟಿಗಿತ್ತಿ, ಆ ಗದ್ದ ಎತ್ತಿದ್ದು ಹೇಗಿತ್ತು ಎಂದು ಎತ್ತಿಯೇ ತೋರಿಸಿದೆ. ಅವಳೂ ತನ್ನ ಗದ್ದ ಎತ್ತಿ ನೋಡಿದಳು. ಇಬ್ಬರೂ ನಗುತ್ತಿದ್ದಾಗ ಕಂಡಕ್ಟರ್ ಬಂದು, ನೀವು ಇಳಿಯಬೇಕಾದ ಸ್ಟಾಪು ಆಗಲೇ ಹಿಂದೆ ಹೋಯಿತಲ್ಲರೀ ಎಂದು ಮರಾಠಿಯಲ್ಲಿ ಅವಳನ್ನು ಕೇಳಿದ.